ಖಂಡಿತ ಎಂದವರು

ನಾನು ಬಾಗಿಲು ತಟ್ಟಿದರೆ ಒಳಗಿನವರಿಗೆ ಕೇಳಿಸುವುದಿಲ್ಲ. ಇದನ್ನು ಯಾರ ಮುಂದೆಯೂ ಹೇಳಿಕೊಂಡವಳಲ್ಲ. ಡೈರಿಯಲ್ಲಿ ಬರೆದುಕೊಂಡಿದ್ದೆ, ಅಷ್ಟೆ. ಬೆರಳಿನ ಗೆಣ್ಣಿನಿಂದ ಮೆಲ್ಲಗೆ ತಟ್ಟಿ, ತಟ್ಟಿದವಳು ನಾನಲ್ಲವೇನೋ ಎನ್ನುವ ಹಾಗೆ ಹಿಂದೆ ಸರಿದು ನಿಲ್ಲುತ್ತೇನೆ. ಒಳಗೆ ಕುಕ್ಕರ್ ಕೂಗುತ್ತಿರುತ್ತದೆ, ರೇಡಿಯೋ ಹಾಡುತ್ತಿರುತ್ತದೆ. ಎರಡನೇ ಸಲ ತಟ್ಟುವ ಧೈರ್ಯ ಬರುವಷ್ಟರಲ್ಲಿ ಪಕ್ಕದ ಮನೆಯವರು ಹೊರಗೆ ಬಂದು ಯಾರು ಬೇಕೆಂದು ಕೇಳಿರುತ್ತಾರೆ. ಇಂಥವಳಿಗೆ ಎಂಬತ್ತಾರನೇ ಇಸವಿಯಲ್ಲಿ ನಾಗಪುರದ ಕನ್ನಡ ಮನೆಗಳ ಬಾಗಿಲು ತಟ್ಟುವ ಕೆಲಸವೇ ಸಿಕ್ಕಿತು.

ಕೆಲಸ ಕೊಟ್ಟವರು ಡಾ. ವಿಮಲಾ ಪಂಢರಿಪಾಂಡೆ, ಎಂ.ಎ.ಯಲ್ಲಿ ನನಗೆ ಸಮಾಜಶಾಸ್ತ್ರ ಹೇಳಿಕೊಟ್ಟವರು. ಜನರ ಮನಸ್ಸಿನಲ್ಲಿ ಅಭಿಪ್ರಾಯ ಹೇಗೆ ಹುಟ್ಟುತ್ತದೆ, ಹುಟ್ಟಿದ್ದು ಹೇಗೆ ಬಾಯಿಗೆ ಬರುತ್ತದೆ, ಬಾಯಿಗೆ ಬಂದದ್ದನ್ನು ಅಳೆಯುವುದು ಹೇಗೆ ಎಂಬುದೇ ಅವರ ಬದುಕಿನ ವಿಷಯ. ಈ ಸಲ ಅವರು ಬೇರೆ ರಾಜ್ಯಗಳಿಂದ ವರ್ಗವಾಗಿ ಬಂದ ತೆಲುಗು, ಬಂಗಾಳಿ, ಕನ್ನಡ ಕುಟುಂಬಗಳನ್ನು ತೆಗೆದುಕೊಂಡಿದ್ದರು. ಮಕ್ಕಳು ಯಾವ ಭಾಷೆ ಕಲಿಯಬೇಕೆಂದು ತಂದೆತಾಯಿ ಬಯಸುತ್ತಾರೆ, ಹಾಗೆ ಬಯಸುವುದನ್ನು ಅವರು ಯಾರಿಂದ ಕಲಿತರು ಎಂಬುದು ಪ್ರಶ್ನೆ. ಒಂದೊಂದು ಭಾಷೆಗೆ ಒಬ್ಬೊಬ್ಬ ಸಂದರ್ಶಕಿ. ಕನ್ನಡಕ್ಕೆ ನಾನು, ಕಲಾವತಿ ಗಲಗಲಿ.

"ಮ್ಯಾಡಮ್, ನನಗೆ ಮಾತಾಡಲಿಕ್ಕೆ ಬರೋದಿಲ್ಲ" ಎಂದಿದ್ದೆ. ನಮ್ಮಿಬ್ಬರ ನಡುವೆ ಮಾತೆಲ್ಲ ಮರಾಠಿಯೇ.

"ಅದಕ್ಕೇ ನಿನ್ನ ಕರೆದದ್ದು. ಮಾತುಗಾರ್ತಿಯರು ಪ್ರಶ್ನೆಯ ಜೊತೆಗೆ ಉತ್ತರಾನೂ ಕೊಟ್ಟು ಬರ್ತಾರೆ."

ತರಬೇತಿ ನಡೆದದ್ದು ಅಮರಾವತಿ ರಸ್ತೆಯ ಕ್ಯಾಂಪಸ್ಸಿನಲ್ಲಿ. ಪ್ರಶ್ನೆಯನ್ನು ಬರೆದಿದ್ದಂತೆಯೇ ಓದಬೇಕು. ತಲೆಯಾಡಿಸಬಾರದು. ಹುಬ್ಬು ಏರಿಸಬಾರದು. ಉತ್ತರ ಬರುವ ತನಕ ಕಾಯಬೇಕು, ಕಾಯುವಾಗ ಅವರ ಮುಖವನ್ನು ದಿಟ್ಟಿಸಬಾರದು. ಇಷ್ಟವಾದ ಉತ್ತರ ಬಂದಾಗ ಪೆನ್ಸಿಲ್ ಚುರುಕಾಗಿ ಓಡಬಾರದು. ಇದನ್ನೆಲ್ಲ ಅಭ್ಯಾಸ ಮಾಡಲು ನನ್ನ ಎದುರು ರಮಾಳನ್ನು ಕೂರಿಸಿದರು. ಅವಳು ಮಹಾಲ್ ಕಡೆಯ ಮರಾಠಿ ಹುಡುಗಿ, ನನ್ನದೇ ಬ್ಯಾಚು, ನಾನು ವರ್ಷಕ್ಕೆ ಆಡುವ ಮಾತನ್ನು ಒಂದು ಮಧ್ಯಾಹ್ನಕ್ಕೆ ಆಡಿ ಮುಗಿಸುವವಳು.

"ನಿಮ್ಮ ಮಕ್ಕಳಿಗೆ ಮಾತೃಭಾಷೆಯಲ್ಲಿ ಓದುಬರಹ ಕಲಿಸುವ ವರ್ಗ ಶುರುವಾದರೆ ಕಳಿಸುತ್ತೀರಾ?" ಎಂದು ನಾನು ಓದಿದೆ.

"ನಮ್ಮ ಮಕ್ಕಳಿಗೆ ಭಾಷೆ ಯಾಕೆ ತಾಯಿ?" ಎಂದಳು ರಮಾ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು. "ಬೊಗಳೋದು ಬರುತ್ತೆ, ಅವರಪ್ಪನಿಗೆ ಅರ್ಥ ಆಗುತ್ತೆ. ಸಾಕಲ್ಲ."

ಉಳಿದವರೆಲ್ಲ ಬಿದ್ದು ಬಿದ್ದು ನಕ್ಕರು. ನಾನು ನಗಲಿಲ್ಲ, "ಇಲ್ಲ" ಎಂಬಲ್ಲಿ ಗುರುತು ಹಾಕಿದೆ.

"ನೋಡಿ, ಇವಳ ಮುಖ ಗೋಡೆ ಇದ್ದ ಹಾಗಿದೆ" ಎಂದರು ಮ್ಯಾಡಮ್. "ಕಲಾವತಿ, ಇದು ಹೊಗಳಿಕೆ."

ಯಾರೂ ನನ್ನನ್ನು ಹಾಗೆ ಹೊಗಳಿದ್ದಿಲ್ಲ. ಮನೆಗೆ ಬಂದು ಅದನ್ನೂ ಬರೆದುಕೊಂಡೆ.

ಮೊದಲು ಹೋದದ್ದು ಅಂಬಾಝರಿಯ ಆರ್ಡ್‌ನೆನ್ಸ್ ಫ್ಯಾಕ್ಟರಿ ಕ್ವಾರ್ಟರ್ಸಿಗೆ, ಮಲ್ಲೇಶಪ್ಪ ಎಂಬ ಫೋರ್‌ಮನ್ನರ ಮನೆ. ಬಾಗಿಲು ತೆರೆದೇ ಇತ್ತು, ಬದುಕಿದೆ. ಅವರ ಹೆಂಡತಿ ಮಹಾದೇವಮ್ಮ ಜೋಳದ ಹಿಟ್ಟು ಹತ್ತಿದ ಕೈಯಲ್ಲೇ ಹೊರಗೆ ಬಂದರು.

"ಬಾರವಾ ಒಳಗ. ಕನ್ನಡದಾಕಿ ಏನು? ಯಾವ ಕಡೀದಾಕಿ? ಯಾರ ಮಗಳು?"

ಈ ಕೊನೆಯ ಪ್ರಶ್ನೆಗೆ ಉತ್ತರ ನಮ್ಮ ತರಬೇತಿಯಲ್ಲಿ ಇರಲಿಲ್ಲ. ನಿಮ್ಮ ಹೆಸರು ಹೇಳಿ, ವಿದ್ಯಾಪೀಠದ ಹೆಸರು ಹೇಳಿ, ಅಷ್ಟಕ್ಕೇ ನಿಲ್ಲಿಸಿ ಎಂದಿದ್ದರು ಮ್ಯಾಡಮ್. ಮರಾಠಿ ಮನೆಯಲ್ಲಿ ಅಷ್ಟಕ್ಕೆ ನಿಲ್ಲಬಹುದೇನೋ. ಊರು ಬಿಟ್ಟು ಇಷ್ಟು ದೂರ ಬಂದ ಕನ್ನಡದ ಮನೆಯಲ್ಲಿ, ಹೊಸ್ತಿಲ ಮೇಲೆ ನಿಂತ ಹುಡುಗಿ ಯಾರ ಮಗಳೆಂದು ಹೇಳದೆ ಒಳಗೆ ಬರುವುದುಂಟೇ? ಹೇಳದಿದ್ದರೆ ಸೊಕ್ಕು ಅಂದುಕೊಳ್ಳುತ್ತಾರೆ. ನನಗೆ ಅದು ಪ್ರಶ್ನೆ ಅಂತಲೂ ಅನಿಸಲಿಲ್ಲ, ಚಪ್ಪಲಿ ಬಿಟ್ಟು ಬರುವಷ್ಟೇ ಸಹಜವಾಗಿ ಹೇಳಿಬಿಟ್ಟೆ.

"ರೈಲ್ವೆ ಗಲಗಲಿಯವರ ಮಗಳು."

"ಅಯ್ಯ, ಗಲಗಲಿ ಸಾಹೇಬ್ರ ಮಗಳಾ? ಏ ಇಲ್ಲಿ ಬರ್ರಿ, ಯಾರು ಬಂದಾರ ನೋಡ್ರಿ."

ಮಲ್ಲೇಶಪ್ಪನವರು ಬನಿಯನ್ ಮೇಲೆ ಶರಟು ಏರಿಸಿಕೊಂಡು ಬಂದರು. ಕುರ್ಚಿ ಬಂತು, ಫ್ಯಾನು ನನ್ನ ಕಡೆ ತಿರುಗಿತು, ಚಹಾದ ಜೊತೆ ಕರ್ಚಿಕಾಯಿ ಬಂತು. ನಾನು ಒಂದೊಂದೇ ಪ್ರಶ್ನೆ ಓದುತ್ತ ಹೋದೆ. ವರ್ಗದ ಪ್ರಶ್ನೆ ಬಂದಾಗ ಗಂಡಹೆಂಡತಿ ಮುಖ ಮುಖ ನೋಡಿಕೊಂಡರು.

"ಕಳಸ್ತೀವಿ ಅಂತ ಬರಕೋ ತಂಗಿ" ಎಂದರು ಮಲ್ಲೇಶಪ್ಪ. "ಖಂಡಿತ ಕಳಸ್ತೀವಿ. ಮಾತೃಭಾಷಾ ಬಿಟ್ಟರ ಮನಶ್ಯಾ ಏನ ಉಳೀತಾನು?"

ಕೊನೆಯ ವಾಕ್ಯ ನನ್ನ ತಂದೆಯದು. ಪ್ರತಿ ರಾಜ್ಯೋತ್ಸವಕ್ಕೂ ಅವರು ಇದನ್ನು ಹೇಳುತ್ತಾರೆ.

ಅಪ್ಪನ ಬಗ್ಗೆ ಹೇಳಬೇಕು. ವ್ಯಾಸರಾಜ ಗಲಗಲಿ ಎಂದರೆ ನಾಗಪುರದ ಕನ್ನಡಿಗರಲ್ಲಿ ಗೊತ್ತಿಲ್ಲದವರು ಕಡಿಮೆ. ರೈಲ್ವೆಯ ರಿಸರ್ವೇಶನ್ ಕಚೇರಿಯಲ್ಲಿ ಹೆಡ್ ಕ್ಲರ್ಕ್, ಕನ್ನಡ ಸಂಘದ ಕಾರ್ಯದರ್ಶಿ. ಮೇ ತಿಂಗಳಲ್ಲಿ ಊರಿಗೆ ಹೊರಡುವವರೆಲ್ಲ ಮಾರ್ಚಿನಿಂದಲೇ ನಮ್ಮ ಅಜನಿಯ ಕ್ವಾರ್ಟರ್ಸಿಗೆ ಬರುತ್ತಾರೆ. ಮಹಾರಾಷ್ಟ್ರ ಎಕ್ಸ್‌ಪ್ರೆಸ್ಸಿನಲ್ಲಿ ಬರ್ತ್ ಆಗಬೇಕು, ಮಿರಜಿನಲ್ಲಿ ಇಳಿದು ಸಣ್ಣ ಗಾಡಿ ಹತ್ತುವಾಗ ಕೂರಲು ಜಾಗ ಆಗಬೇಕು, ಸಣ್ಣ ಮಕ್ಕಳಿವೆ, ಮುದುಕಿ ಇದ್ದಾಳೆ. ಅಪ್ಪ ನಿಯಮ ಮೀರುವವರಲ್ಲ. ಆದರೆ ಯಾವ ಕೋಟಾದಲ್ಲಿ ಯಾವ ದಿನ ಅರ್ಜಿ ಹಾಕಬೇಕು, ಯಾರು ಟಿಕೆಟ್ ರದ್ದು ಮಾಡಿಸಿದರು ಎನ್ನುವುದೆಲ್ಲ ಅವರಿಗೆ ಬಾಯಿಪಾಠ. ಯಾರ ಕೈಯಿಂದಲೂ ಒಂದು ಮೋಸಂಬಿಯನ್ನೂ ತೆಗೆದುಕೊಂಡವರಲ್ಲ. ಅದರಿಂದಲೇ ಜನರಿಗೆ ಅವರ ಋಣ ತೀರಿಸುವ ದಾರಿಯೇ ಇರಲಿಲ್ಲ.

ನನಗೆ ಕನ್ನಡ ಅಕ್ಷರ ಕಲಿಸಿದ್ದೂ ಅವರೇ, ಹಳೆಯ ರಿಸರ್ವೇಶನ್ ಚಾರ್ಟುಗಳ ಹಿಂಬದಿಯಲ್ಲಿ. ನಮ್ಮ ಸಂಘದ ಹುಡುಗರೆಲ್ಲ ಒಬ್ಬರಿಗೊಬ್ಬರು ಹಿಂದಿಯಲ್ಲಿ ಮಾತಾಡಿಕೊಳ್ಳುವುದನ್ನು ಕೇಳಿ ಅವರು ಸಂಕಟಪಡುತ್ತಿದ್ದರು. ರೈಲ್ವೆ ಇನ್‌ಸ್ಟಿಟ್ಯೂಟಿನಲ್ಲಿ ಭಾನುವಾರ ಒಂದು ಕೋಣೆ ಕೇಳಿ ತಾನೇ ಕನ್ನಡ ವರ್ಗ ನಡೆಸಬೇಕೆಂಬುದು ಅವರ ಹಳೆಯ ಆಸೆ. ಮ್ಯಾಡಮ್ ಅವರ ಪ್ರಶ್ನೆಗೂ ಅಪ್ಪನ ಆಸೆಗೂ ಸಂಬಂಧವಿರಲಿಲ್ಲ. ತೆಲುಗಿನವರಿಗೂ ಬಂಗಾಳಿಗಳಿಗೂ ಕೇಳಿದ್ದು ಅದೇ ಪ್ರಶ್ನೆ. ಆದರೆ ನಮ್ಮವರಿಗೆ ಅದು ಅಪ್ಪನೇ ಬರೆದು ಕಳಿಸಿದ ಪ್ರಶ್ನೆಯಂತೆ ಕಂಡಿರಬೇಕು. ಇದು ನನಗೆ ಹೊಳೆದದ್ದು ಬಹಳ ತಡವಾಗಿ.

ಕಾಮ್ಠಿಯ ದಂಡು, ಕನ್ಹಾನದ ಕಾರ್ಖಾನೆ, ಅಜನಿ, ಸಿವಿಲ್ ಲೈನ್ಸಿನ ಕಚೇರಿ ಕ್ವಾರ್ಟರ್ಸು ಎಂದು ಫೆಬ್ರವರಿ ಪೂರ್ತಿ ತಿರುಗಿದೆ. ಎಲ್ಲ ಕಡೆಗೂ ಅದೇ. ಯಾರ ಮಗಳು? ಓಹೋ. ಕೂಡು. ಚಹಾ, ಇಲ್ಲವೆ ಮಜ್ಜಿಗೆ. ಹೊರಡುವಾಗ ಕುಂಕುಮ. ನಡುವೆ ಎಲ್ಲೋ ಒಂದು "ಖಂಡಿತ".

ಖಂಡಿತ ಎನ್ನದ ಮನೆ ಒಂದೇ, ವಾಯುಸೇನಾ ನಗರದ್ದು. ಅಂಬುಜಾ ಅಂತ, ಮೈಸೂರಿನವರು, ಬಂದು ತಿಂಗಳೂ ಆಗಿರಲಿಲ್ಲ, ಸಾಮಾನಿನ ಪೆಟ್ಟಿಗೆಗಳು ಇನ್ನೂ ಬಿಚ್ಚದೆ ಬಿದ್ದಿದ್ದವು. ಯಾರ ಮಗಳೆಂದು ಅವರು ಕೇಳಲಿಲ್ಲ. ಕೇಳಿದ್ದರೂ ಅಪ್ಪನ ಹೆಸರು ಅವರಿಗೆ ತಿಳಿಯುತ್ತಿರಲಿಲ್ಲ.

"ಕಳಿಸಲ್ಲ ಕಣ್ರೀ" ಎಂದರು, ಪೆಟ್ಟಿಗೆಯ ಮೇಲೆ ಕುಳಿತು. "ಮೂರು ವರ್ಷಕ್ಕೊಂದು ಊರು ನಮ್ಮದು. ಪಾಪ ಮಗೂಗೆ ಹೋದಲ್ಲೆಲ್ಲ ಒಂದೊಂದು ಅಕ್ಷರಮಾಲೆ. ಮನೇಲಿ ಮಾತಾಡ್ತೀವಲ್ಲ, ಅದು ಸಾಕು. ಭಾನುವಾರ ಒಂದು ದಿನ ಆಟ ಆಡ್ಕೊಳ್ಳಲಿ."

ನನ್ನ ಮುಖ ಗೋಡೆಯ ಹಾಗೇ ಇತ್ತು. ಒಳಗೆ ಮಾತ್ರ ಅಪ್ಪನ ಪರವಾಗಿ ಸ್ವಲ್ಪ ನೊಂದುಕೊಂಡೆ. ಬಸ್ಸಿನಲ್ಲಿ ಬರುವಾಗ, ಇಷ್ಟು ಮನೆಗಳಲ್ಲಿ ಇವರೊಬ್ಬರೇ ಅಲ್ಲವೇ ಎಂದು ಸಮಾಧಾನ ಮಾಡಿಕೊಂಡೆ.

ಮನೆಮನೆಯ ಉತ್ತರವನ್ನು ನಾವು ಯಾರಿಗೂ ಹೇಳುವಂತಿರಲಿಲ್ಲ. ಅಪ್ಪ ಒಂದು ದಿನ ಊಟಕ್ಕೆ ಕುಳಿತಾಗ ಕೇಳಿದರು.

"ಕಲಾ, ನೀ ಹೋದ ಮನಿಯವ್ರು ಏನಂತಾರ? ವರ್ಗಕ್ಕ ಮಕ್ಕಳನ್ನ ಕಳಸ್ತಾರಂತ?"

"ಅದನ್ನ ಹೇಳೂ ಹಂಗಿಲ್ಲಪ್ಪಾ."

"ನಿಮ್ಮ ವಿದ್ಯಾಪೀಠದ ಗುಟ್ಟು ನಿಮಗಿರಲಿ. ಜನ ತಾವೇ ಬಂದು ಹೇಳ್ಯಾರ. ನಿಮ್ಮ ಮಗಳ ಮುಂದ ಹೂಂ ಅಂದೇವಿ, ಯಾವಾಗ ಶುರು ಮಾಡ್ತೀರಿ ಅಂತ ಮಲ್ಲೇಶಪ್ಪ ಕೇಳಿದ. ಕಾಮ್ಠಿ ಉತ್ತಪ್ಪನೂ ಕೇಳಿದ."

ನಾನು ತಟ್ಟೆ ನೋಡುತ್ತ ಕುಳಿತೆ. ಅಪ್ಪ ನನ್ನ ಸುಮ್ಮನಿರುವಿಕೆಯನ್ನು ತನಗೆ ಬೇಕಾದ ಹಾಗೆ ಓದಿಕೊಂಡು ಅವ್ವನ ಕಡೆ ನೋಡಿ ನಕ್ಕರು.

ಮಾರ್ಚಿನ ಎರಡನೇ ವಾರದಲ್ಲಿ ಹುಬ್ಬಳ್ಳಿಯ ಆರ್ಡರು ಬಂತು. ಸ್ವಂತ ಕೋರಿಕೆಯ ವರ್ಗಾವಣೆ. ಅಪ್ಪ ಅರ್ಜಿ ಹಾಕಿದ್ದು ನಾನು ಹೈಸ್ಕೂಲಿನಲ್ಲಿದ್ದಾಗ, ಅವ್ವನ ಒತ್ತಾಯಕ್ಕೆ. ಬೇರೆ ವಲಯದಲ್ಲಿ ಜಾಗ ಖಾಲಿಯಾಗಬೇಕು, ನಮ್ಮ ಸರತಿ ಬರಬೇಕು. ಅದರ ಆಸೆಯನ್ನೇ ಬಿಟ್ಟಿದ್ದೆವು. ಹೋಗುವುದಾದರೆ ಹೋಗಬೇಕು, ಒಲ್ಲೆ ಎಂದು ಬರೆದುಕೊಟ್ಟರೆ ಹೆಸರು ಹೋಯಿತು, ನಿವೃತ್ತಿಯೊಳಗೆ ಮತ್ತೆ ಬರುವುದಿಲ್ಲ.

ಅವ್ವ, ಅನಸೂಯಾ ಅವಳ ಹೆಸರು, ಆ ಕಾಗದವನ್ನು ದೇವರ ಮುಂದಿಟ್ಟು ತುಪ್ಪದ ದೀಪ ಹಚ್ಚಿದಳು.  ಮೂರನೆಯ ದಿನ ಅಪ್ಪ ಹೇಳಿದರು:

"ಅಲ್ಲಾ, ಇಷ್ಟು ಮನಿ ಮಕ್ಕಳು ಕನ್ನಡ ಕಲೀತೀವಿ ಅಂತ ಬಾಯಿಬಿಟ್ಟು ಕೇಳಲಿಕ್ಹತ್ತಾರ. ಈಗ ನಾ ಪೆಟಗಿ ಕಟ್ಟಿದ್ರ ಅವರಿಗೆ ಯಾರು ಹೇಳಿಕೊಡಬೇಕು? ಹುಬ್ಬಳ್ಳ್ಯಾಗ ಕನ್ನಡಕ್ಕ ನನ್ನ ಅಗತ್ಯ ಏನದ? ಅಲ್ಲೆ ನಾಯಿನೂ ಕನ್ನಡ ಬೊಗಳ್ತಾವ."

"ನಿಮಗ ಹೆಂಗ ಬರೋಬರ್ ಅನಸ್ತದ ಹಂಗ ಮಾಡ್ರಿ" ಎಂದಳು ಅವ್ವ. ಅವಳು ಎಲ್ಲದಕ್ಕೂ ಹೇಳುವ ಮಾತು ಅದು. ಎದ್ದು ಹೋಗಿ ಹಾಲಿಗೆ ಹೆಪ್ಪು ಹಾಕಿದಳು.

ಆ ಸಂಜೆ ನನಗೆ ಖುಷಿಯಾಗಿತ್ತು ಎಂದು ಒಪ್ಪಿಕೊಳ್ಳಬೇಕು. ಜೂನಿನಿಂದ ಪಿಎಚ್.ಡಿ.ಗೆ ಹೆಸರು ಹಚ್ಚು ಎಂದು ಮ್ಯಾಡಮ್ ಹೇಳಿದ್ದರು. ನಾಗಪುರ ಬಿಟ್ಟರೆ ಅದು ಆಗುವಂತಿರಲಿಲ್ಲ. ಅಪ್ಪ ಇಲ್ಲೇ ಉಳಿದರೆ ನಾನೂ ಉಳಿಯುತ್ತೇನೆ. ಬಾಯಿ ತೆರೆದು ಏನನ್ನೂ ಕೇಳದೆ ನನಗೆ ಬೇಕಾದದ್ದು ಸಿಕ್ಕುತ್ತಿತ್ತು.

ಈ ನಡುವೆ ರಮಾ ಮರುಭೇಟಿಗೆ ಹೋಗಿಬಂದಳು. ಇಂಥ ಕೆಲಸದಲ್ಲಿ ಅದೊಂದು ಪದ್ಧತಿ: ಕೆಲವು ಮನೆಗಳಿಗೆ ಇನ್ನೊಬ್ಬರು ಹೋಗಿ ಅವೇ ಪ್ರಶ್ನೆಗಳನ್ನು ಮತ್ತೆ ಕೇಳುತ್ತಾರೆ, ಮೊದಲಿನವಳು ಮನೆಯಲ್ಲೇ ಕುಳಿತು ಬರೆದುಬಿಟ್ಟಿಲ್ಲ ಎಂದು ನೋಡಲಿಕ್ಕೆ. ನನ್ನ ಮನೆಗಳಿಗೆ ಅವಳೇ ಹೋಗಿದ್ದಳು, ಹಿಂದಿಯಲ್ಲಿ ಕೇಳಿದ್ದಳು. ವಾಪಸು ಬಂದವಳು ಕ್ಯಾಂಟೀನಿನಲ್ಲಿ ತನ್ನ ಅವಲಕ್ಕಿ ಪೋಹೆಯ ತಟ್ಟೆಯನ್ನು ನನ್ನ ಕಡೆ ತಳ್ಳಿದಳು. 

"ನಿಮ್ಮ ಅಪ್ಪ ರೈಲ್ವೆ ಮಂತ್ರಿಯೇನೇ?"

"ಯಾಕೆ?"

"ಇಲ್ಲ, ಹೋದಲ್ಲೆಲ್ಲ ಅವರ ಹೆಸರೇ. ಆ ಫ್ಯಾಕ್ಟರಿ ಕ್ವಾರ್ಟರ್ಸಿನ ಅಮ್ಮ ಇದ್ದಾರಲ್ಲ, ಕರ್ಚಿಕಾಯಿಯವರು. ನನಗೂ ಕೊಟ್ಟರು, ಚೆನ್ನಾಗಿದ್ದವು. ವರ್ಗಕ್ಕೆ ಕಳಿಸ್ತೀರಾ ಅಂದರೆ, ಇಲ್ಲಮ್ಮ, ಭಾನುವಾರ ಹುಡುಗರಿಗೆ ಇಂಗ್ಲಿಷ್ ಟ್ಯೂಷನ್ ಇದೆ ಅಂದರು. ಮೊದಲು ಹೂಂ ಅಂದಿದ್ದಿರಲ್ಲ ಅಂತ ನಾನು ಕೇಳಬಾರದು, ಕೇಳಲಿಲ್ಲ. ಅವರೇ ನಕ್ಕೊಂಡು ಹೇಳಿದರು. ಆ ಹುಡುಗಿ ಮುಂದೆ ಬೇಡ ಅನ್ನೋದು ಹೇಗೆ, ಪಾಪ ಅವಳಪ್ಪ ಪ್ರತಿ ವರ್ಷ ನಮಗೆ ಬರ್ತ್ ಮಾಡಿಸಿಕೊಡ್ತಾರೆ, ಅವಳು ಕೂತು ಬರೀತಾ ಇದ್ದರೆ ಅವರೇ ಕೂತ ಹಾಗಿತ್ತು ಅಂತ."

ನಾನು ಪೋಹೆಯೊಳಗಿನ ಸಾಸಿವೆಯನ್ನು ಒಂದು ಕಡೆಗೆ ಸರಿಸಿದೆ.

"ಉಳಿದ ಮನೆಗಳು?"

"ಹಾಗೇ. ಒಬ್ಬರು ನೋಡೋಣ ಅಂದರು, ಇನ್ನೊಬ್ಬರು ಗೊತ್ತಿಲ್ಲ ಅಂದರು. ಖಂಡಿತ ಅಂತ ಅಂದವರು ಯಾರೂ ಇಲ್ಲ ಕಣೇ. ನಿನ್ನ ಹಾಳೆ ನೋಡಿದರೆ ಅದು ಕನ್ನಡ ಸೈನ್ಯ, ನನ್ನ ಹಾಳೆ ನೋಡಿದರೆ ಭಾನುವಾರದ ಬಜಾರು."

ಮ್ಯಾಡಮ್ ಎರಡೂ ಹಾಳೆಗಳನ್ನು ಮೇಜಿನ ಮೇಲೆ ಪಕ್ಕಪಕ್ಕದಲ್ಲಿಟ್ಟುಕೊಂಡಿದ್ದರು. ಬೈಯುತ್ತಾರೆ ಅಂದುಕೊಂಡೆ. ಅವರ ಕಣ್ಣಲ್ಲಿ ಹೊಸ ಸೀರೆ ನೋಡಿದವರ ಹೊಳಪು.

"ನೀನು ಸುಳ್ಳು ಬರೆದಿಲ್ಲ ಅಂತ ನನಗೆ ಗೊತ್ತು. ಬಾಗಿಲಲ್ಲಿ ಏನು ಹೇಳಿದಿ?"

"ಯಾರ ಮಗಳು ಅಂತ ಕೇಳಿದರು. ಹೇಳಿದೆ."

"ಎಲ್ಲ ಮನೆಯಲ್ಲೂ?"

"ಹೇಳದೆ ಇರಲಿಕ್ಕೆ ಆಗೋದಿಲ್ಲ ಮ್ಯಾಡಮ್. ನಮ್ಮವರಲ್ಲಿ ಆಗೋದಿಲ್ಲ."

"ಹೌದು, ಆಗೋದಿಲ್ಲ" ಎಂದರು ಅವರು, ನನಗಿಂತ ಹೆಚ್ಚಾಗಿ ತಮಗೇ ಹೇಳಿಕೊಳ್ಳುವಂತೆ. "ಇದನ್ನು ನಾನು ಮೊದಲೇ ಯೋಚಿಸಬೇಕಿತ್ತು. ಪ್ರಶ್ನೆ ತಿದ್ದಿ ತಿದ್ದಿ ಬರೆದೆ, ಕೇಳೋಳು ಯಾರು ಅಂತ ನೋಡಲಿಲ್ಲ."

"ಹಾಗಾದರೆ ರಮಾಗೆ ಹೇಳಿದ್ದೇ ನಿಜವಾ?"

ಅವರು ಕನ್ನಡಕ ತೆಗೆದರು. "ಅದೂ ಹೇಗೆ ಹೇಳೋದು? ಪೇಟೆಯ ಮರಾಠಿ ಹುಡುಗಿ, ಹಿಂದಿಯಲ್ಲಿ ಕೇಳ್ತಾಳೆ. ಇವಳ ಮುಂದೆ ಹಳೇ ಕಾಲದವರ ಹಾಗೆ ಕಾಣೋದು ಬೇಡ ಅಂತ ಇಂಗ್ಲಿಷ್ ಟ್ಯೂಷನ್ ಅಂದಿರಬಹುದು. ನಮಗೆ ಗೊತ್ತಿರೋದು ಇಷ್ಟೇ, ನಿನಗೆ ಒಂದು ಹೇಳಿದರು, ಅವಳಿಗೆ ಒಂದು ಹೇಳಿದರು. ಅದನ್ನೇ ಬರೀಬೇಕು. ಅದಕ್ಕಿಂತ ಹೆಚ್ಚು ಬರೆದರೆ ಅದು ನಮ್ಮ ಮಾತಾಗುತ್ತೆ."

ಅವರಿಗೆ ಅದು ಒಂದು ಅಧ್ಯಾಯವಾಗುತ್ತಿತ್ತು. ನಮ್ಮ ಮನೆಯಲ್ಲಿ ಆ "ಖಂಡಿತ"ವನ್ನು ನಂಬಿಕೊಂಡು ಒಬ್ಬರು ಊರಿಗೆ ಹೋಗುವುದನ್ನು ಬಿಡುತ್ತಿದ್ದರು. ಬಾಗಿಲ ತನಕ ಹೋದವಳು ತಿರುಗಿ ಬಂದು ಅಷ್ಟನ್ನು ಮ್ಯಾಡಮ್‌ಗೆ ಹೇಳಿದೆ. ಅವರು ಕೇಳಿಸಿಕೊಂಡರು.

"ಯಾರ ಮನೆಯಲ್ಲಿ ಏನು ಹೇಳಿದರು ಅಂತ ನೀನು ಹೇಳೋ ಹಾಗಿಲ್ಲ. ಅದು ಅವರಿಗೆ ನಾವು ಕೊಟ್ಟ ಮಾತು" ಎಂದರು. ಕನ್ನಡಕ ಮತ್ತೆ ಹಾಕಿಕೊಂಡು, "ಉಳಿದದ್ದಕ್ಕೆ ನನ್ನನ್ನು ಕೇಳಬೇಡ. ನಿಮ್ಮ ತಂದೆಯನ್ನು ನಾನು ನೋಡಿಲ್ಲ" ಎಂದರು.

ಶನಿವಾರ ಮಧ್ಯಾಹ್ನ ಅಪ್ಪ ಕಚೇರಿಯಲ್ಲಿದ್ದರು. ಅವ್ವ ಅಡುಗೆಮನೆಯಲ್ಲಿ ಕುಳಿತು ಸವತೆಕಾಯಿ ಹೆಚ್ಚುತ್ತಿದ್ದಳು. ನಮ್ಮ ಮನೆ ಮ್ಯಾಡಮ್ ಆರಿಸಿದ ಮನೆಗಳಲ್ಲಿ ಇರಲಿಲ್ಲ, ಸಂದರ್ಶಕಿಯರ ಮನೆಗಳನ್ನು ಬಿಟ್ಟಿದ್ದರು. ನಾನು ಹೋಗಿ ಅವಳ ಪಕ್ಕದಲ್ಲಿ ಕುಳಿತೆ.

"ಅವ್ವಾ, ಹುಬ್ಬಳ್ಳಿಗೆ ಹೋಗಬೇಕಂತ ನಿನಗ ಅನಸ್ತದೇನು, ಇಲ್ಲೇ ಇರಬೇಕಂತ ಅನಸ್ತದೇನು?"

"ಅವರ ಹೇಳ್ಯಾರಲ್ಲ."

 ನಾನು ತಲೆಯಾಡಿಸಲಿಲ್ಲ, ಅವಳ ಮುಖವನ್ನೂ ನೋಡಲಿಲ್ಲ. ಈಳಿಗೆಯ ಕೆಳಗೆ ಬೀಳುತ್ತಿದ್ದ ಬಿಲ್ಲೆಗಳನ್ನು ನೋಡುತ್ತ ಕಾದೆ. ಬಹಳ ಹೊತ್ತು ಕಾಯಬೇಕಾಯಿತು. ಕೂಲರಿನ ನೀರು ತೊಟ್ಟಿಕ್ಕುವುದು ಕೇಳುತ್ತಿತ್ತು.

"ಇಲ್ಲಿ ಕಾಯಿಪಲ್ಯೆಯಾಕಿ ಇದ್ದಾಳಲ್ಲ" ಎಂದಳು ಕೊನೆಗೆ. "ಚಲೋ ಹೆಂಗಸು. ಆದ್ರ ಆಕಿ ಜೋಡಿ ನನಗ ಜಗಳಾ ಆಡಲಿಕ್ಕೆ ಬರೂದಿಲ್ಲ. ಮರಾಠಿ ಬರ್ತದ, ತಗೋಳಿಕ್ಕೆ ಎಷ್ಟು ಬೇಕೋ ಅಷ್ಟು. ಬೈಲಿಕ್ಕೆ ಬರೂದಿಲ್ಲ, ಚ್ಯಾಷ್ಟಿ ಮಾಡಲಿಕ್ಕೆ ಬರೂದಿಲ್ಲ. ಇಪ್ಪತ್ತೈದು ವರ್ಷ ಆತು, ನಾ ಬಜಾರಿನ್ಯಾಗ ಯಾರನ್ನೂ ನಗಿಸಿಲ್ಲ. ಮದವಿ ಮೊದಲ ನಾ ಭಾಳ ನಗಸ್ತಿದ್ದೆ, ನಮ್ಮಕ್ಕನ ಕೇಳು."

ಅವಳು ಇನ್ನೂ ಒಂದು ಸವತೆಕಾಯಿ ಎತ್ತಿಕೊಂಡಳು.

"ಇದನ್ನ ಅವರ ಮುಂದ ಹೇಳಬ್ಯಾಡ. ಮಕ್ಕಳ ವಿದ್ಯಾದ ಕೆಲಸ, ಪುಣ್ಯಾದ ಕೆಲಸ. ನನ್ನದೇನು ದೊಡ್ಡ ಮಾತು?"

ಅವ್ವ ಯಾರನ್ನಾದರೂ ನಗಿಸುವುದನ್ನು ನಾನು ನೋಡಿಯೇ ಇರಲಿಲ್ಲ. ನನ್ನ ಹಾಗೇ ಅವಳೂ ಮಾತು ಕಡಿಮೆಯವಳು, ನನಗೆ ಈ ಸ್ವಭಾವ ಅವಳಿಂದಲೇ ಬಂದದ್ದು ಎಂದು ತಿಳಿದುಕೊಂಡಿದ್ದೆ.

ಭಾನುವಾರ ಬೆಳಿಗ್ಗೆ ಅಪ್ಪ ಸ್ನಾನ ಮುಗಿಸಿ ವರಾಂಡದಲ್ಲಿ ಕುಳಿತು, ಹುಬ್ಬಳ್ಳಿ ಒಲ್ಲೆ ಎಂಬ ಅರ್ಜಿಯನ್ನು ಇಂಗ್ಲಿಷಿನಲ್ಲಿ ಬರೆಯುತ್ತಿದ್ದರು. ಸೋಮವಾರ ಕಚೇರಿಗೆ ಕೊಡಬೇಕಿತ್ತು. ಮಲ್ಲೇಶಪ್ಪನವರು ಸ್ಕೂಟರ್ ನಿಲ್ಲಿಸಿ ಒಳಗೆ ಬಂದರು, ಮೇ ಹತ್ತರ ಆಸುಪಾಸಿಗೆ ಐದು ಬರ್ತ್ ಆಗಬೇಕಿತ್ತು.

"ಬರ್ರಿ ಮಲ್ಲೇಶಪ್ಪ. ಈ ಸಲಾನೂ ಗದಗೇನು?"

"ಹೌದ್ರೀ ಸಾಹೇಬ್ರ. ಅತ್ತಿ ಮನ್ಯಾಗ ಲಗ್ನ ಐತಿ. ಹೋಗಲಿಲ್ಲಂದ್ರ ನಮ್ಮಾಕಿ ನನ್ನ ಫ್ಯಾಕ್ಟರಿ ತೋಪಿನ್ಯಾಗ ಹಾಕಿ ಹಾರಸ್ತಾಳ."

ಅಪ್ಪ ನಕ್ಕರು, ತಾರೀಖು ಗುರುತು ಮಾಡಿಕೊಂಡರು. "ನೀವು ಬರೋಬರ್ ವ್ಯಾಳ್ಯಾಕ್ಕ ಬಂದ್ರಿ ನೋಡ್ರಿ. ನಾ ಹುಬ್ಬಳ್ಳಿ ಬ್ಯಾಡಂತ ಬರದು ಕೊಡಾಂವಿದ್ದೀನಿ. ಜೂನಿನಿಂದ ವರ್ಗ ಶುರು. ನಿಮ್ಮ ಇಬ್ಬರೂ ಹುಡುಗರು ಮೊದಲನೇ ಸಾಲಿನ್ಯಾಗ ಕೂಡಬೇಕು."

ಮಲ್ಲೇಶಪ್ಪನವರ ಕೈಯಲ್ಲಿದ್ದ ಸ್ಕೂಟರ್ ಕೀಲಿ ಒಂದು ಸಲ ತಿರುಗಿ ನಿಂತಿತು. ಅವರು ನನ್ನನ್ನು ನೋಡಿದರು. ನಾನು ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದೆ. ಅವರ ಹೆಂಡತಿ ರಮಾಳಿಗೆ ಏನು ಹೇಳಿದರೆಂದು ಅವರಿಗೆ ಗೊತ್ತಿತ್ತೋ ಇಲ್ಲವೋ, ನನಗೆ ತಿಳಿಯಲಿಲ್ಲ.

"ಖಂಡಿತ ಸಾಹೇಬ್ರ" ಎಂದರು. "ನೀವು ಇಷ್ಟು ಮಾಡೂಮುಂದ ನಾವು ಕಳಸೂದೇನು ದೊಡ್ಡದು? ಆದ್ರ ನಿಮಗ ತ್ರಾಸ ಆಗತೈತಿ ಅಂತ. ಹುಬ್ಬಳ್ಳಿ ಅಂದ್ರ ಮನೀನೇ ಅಲ್ಲೇನ್ರಿ. ನಾ ಆಗಿದ್ರ ಓಡಿ ಹೋಗ್ತಿದ್ದೆ."

"ಎಲ್ಲಾರೂ ಓಡಿಹೋದ್ರ ಹೆಂಗ?"

"ಅದೂ ಖರೇನೇ ಬಿಡ್ರಿ." ಅವರು ಬಿಸಿ ಚಹಾವನ್ನು ಎರಡೇ ಗುಟುಕಿಗೆ ಮುಗಿಸಿ ಎದ್ದರು. ಸ್ಕೂಟರ್ ಮೂರು ಒದೆತಕ್ಕೆ ಶುರುವಾಯಿತು.

"ನೋಡಿದೇನು?" ಎಂದರು ಅಪ್ಪ ನನಗೆ. ಅವರ ಮುಖ ಬೆಳಗಿತ್ತು. "ತಾನು ಊರಿಗೆ ಓಡಿಹೋಗ್ತಿದ್ದೆ ಅಂತಾನ, ಆದ್ರೂ ಮಕ್ಕಳನ್ನ ಕಳಸ್ತೀನಿ ಅಂದ. ಇಂಥಾ ಮಂದಿನ್ನ ಬಿಟ್ಟು ಹೋಗಲಿಕ್ಕೆ ಬರ್ತದೇನು?"

ಅವ್ವ ಒಳಗಿನಿಂದ ಬಂದು ಖಾಲಿ ಕಪ್ಪು ಎತ್ತಿಕೊಂಡಳು. ಅಪ್ಪ ಬರೆದದ್ದನ್ನು ಒಮ್ಮೆ ಓದಿಕೊಂಡು ಸಹಿಗೆಂದು ಪೆನ್ನಿನ ಟೋಪಿ ತೆಗೆದರು. ನನ್ನ ತಲೆಯಲ್ಲಿ ಬೇಕಾದಷ್ಟು ಇತ್ತು: ಜೂನು, ಪಿಎಚ್.ಡಿ., ಆ ಮನೆಗಳವರಿಗೆ ನಾವು ಕೊಟ್ಟ ಮಾತು, ಅವ್ವ ಹೇಳಬೇಡ ಎಂದದ್ದು. ರಮಾ ತಂದ ಸುದ್ದಿ ಕೇಳಿದರೆ ಅಪ್ಪನ ಮುಖ ಹೇಗಾಗಬಹುದು ಎಂದು ನೋಡಬಾರದು ಅಂದುಕೊಂಡರೂ ಕಣ್ಣು ಅಲ್ಲೇ ಹೋಯಿತು. ಯಾವ ಮನೆಯ ಹೆಸರನ್ನೂ ಎತ್ತದೆ, ಯಾರನ್ನೂ ಸುಳ್ಳುಗಾರರನ್ನಾಗಿ ಮಾಡದೆ, ನನಗೆ ಖಚಿತವಾಗಿ ಗೊತ್ತಿದ್ದಷ್ಟನ್ನೇ ಹೇಳಬೇಕಿತ್ತು. ಹಾಗೆ ನೋಡಿದರೆ ಉಳಿಯುವುದು ಬಹಳ ಸಣ್ಣ ಮಾತು.

"ಅಪ್ಪಾ" ಎಂದೆ.

"ಹೂಂ?"

"ಸಹಿ ಮಾಡಬ್ಯಾಡ್ರಿ. ಮಂದಿ ಖಂಡಿತ ಅಂದದ್ದು ನಿಮ್ಮ ಮಗಳು ಕೇಳಿದಾಗ. ಬ್ಯಾರೆ ಹುಡುಗಿ ಹೋಗಿ ಕೇಳಿದಾಗ ಯಾರೂ ಹಂಗ ಅನ್ನಲಿಲ್ಲ."